ಕಸ್ತೂರಿಯ ಬಾಯಿ, ಸಾಹುಕಾರರ ಕೈ

ಕುದುರೆ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಆಗಾಗ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾ, ಬೀಳದ ಹಾಗೆ ಕೂರುವುದು ಹೇಗೆ ಎಂದು ಕೇಳುತ್ತಾರೆ. ಬೀಳುವುದು ದೊಡ್ಡ ವಿಷಯವೇ ಅಲ್ಲ. ನಾನು ಬೀಳದ ಜಾಗ ದಾವಣಗೆರೆಯಲ್ಲಿ ಕಡಿಮೆ. ಬಿದ್ದವನು ಏಳುತ್ತಾನೆ, ಧೂಳು ಕೊಡವಿಕೊಳ್ಳುತ್ತಾನೆ, ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸುತ್ತಾನೆ, ಮತ್ತೆ ಹತ್ತುತ್ತಾನೆ. ಅವರು ಕೇಳಬೇಕಾದದ್ದು ಕೈಯ ಬಗ್ಗೆ. ಅದನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುವ ವಯಸ್ಸು ನನಗೆ ಬಂದಿದೆ, ಅದಕ್ಕೇ ಬರೆಯಲು ಕೂತಿದ್ದೇನೆ.

ಕುದುರೆಯ ಬಾಯಲ್ಲಿ ಹಲ್ಲಿಲ್ಲದ ಒಂದು ಸಂದು ಇರುತ್ತದೆ. ಅಲ್ಲಿ ನಾಲಗೆಯ ಮೇಲೆ ಅಡ್ಡಲಾಗಿ ಕೂರುವ ಕಬ್ಬಿಣವೇ ಕಡಿವಾಣ. ಅದರ ಎರಡೂ ತುದಿಯ ಬಳೆಗಳಿಂದ ಸವಾರನ ಎರಡು ಕೈಗೆ ಬರುವ ತೊಗಲಿನ ಪಟ್ಟಿಯೇ ಲಗಾಮು. ಇಷ್ಟೇ ಸಾಮಾನು. ಆ ಪಟ್ಟಿಯನ್ನು ಹೇಗೆ ಹಿಡಿಯಬೇಕು ಎನ್ನುವ ಒಂದೇ ಪ್ರಶ್ನೆಯ ಮೇಲೆ ನನ್ನ ಇಡೀ ನೌಕರಿ ಕಳೆಯಿತು. ಬಿಗಿ ಹಿಡಿದರೆ ಗಂಡಸುತನ ಎಂದು ಕೆಲವರು, ಸಡಿಲ ಬಿಟ್ಟರೆ ದಯೆ ಎಂದು ಕೆಲವರು ತಿಳಿದು ಬರುತ್ತಾರೆ. ಎರಡನ್ನೂ ಕುದುರೆ ಕೇಳಿಲ್ಲ.

ನಮ್ಮ ತಂದೆ ದಾವಣಗೆರೆ ಸ್ಟೇಷನ್ನಿನ ಹತ್ತಿರ ಜಟಕಾ ಕುದುರೆಗಳಿಗೆ ತೊಗಲಿನ ಸಾಮಾನು ಹೊಲಿಯುತ್ತಿದ್ದರು. ಮಹಬೂಬ್ ಎಂದು ಹೆಸರಿಟ್ಟಿದ್ದರೂ ನಾನು ಊರಿಗೆಲ್ಲ ಮಾಬು. ದಾರಕ್ಕೆ ಮೇಣ ಉಜ್ಜುತ್ತಾ ಬೆಳೆದ ನಾನು ಮೊದಲು ನೋಡಿದ್ದು ಜಟಕಾದವರ ಕೈ. ರೈಲು ಇಳಿದವರು ಮೂಟೆ, ಮಕ್ಕಳು, ಟ್ರಂಕು ಸಮೇತ ಹತ್ತಿ ಕೂತು ಬೇಗ ಬೇಗ ಎನ್ನುತ್ತಿದ್ದರೆ ಪಾಪ, ಅವರಾದರೂ ಏನು ಮಾಡಿಯಾರು? ಜಗ್ಗುತ್ತಿದ್ದರು, ಫಟ್ಟನೆ ಬಿಡುತ್ತಿದ್ದರು, ಮತ್ತೆ ಜಗ್ಗುತ್ತಿದ್ದರು. ಅವರ ಕುದುರೆಗಳ ಬಾಯಿ ಹಳೆಯ ಚಪ್ಪಲಿಯ ಅಟ್ಟೆಯಂತೆ ಗಡುಸಾಗಿರುತ್ತಿತ್ತು. ಲಗಾಮು ಅಂದರೆ ಜಗ್ಗುವ ಸಾಮಾನು ಎಂದೇ ನಾನೂ ತಿಳಿದಿದ್ದೆ.

ರಾಜ್ಯ ಒಂದಾದ ಹೊಸದರಲ್ಲಿ ನನಗೆ ಶಿವಲಿಂಗಪ್ಪ ಸಾಹುಕಾರರ ಲಾಯದಲ್ಲಿ ಕೆಲಸ ಸಿಕ್ಕಿತು. ಅವರದು ಹತ್ತಿ ವ್ಯಾಪಾರದ ಮನೆತನ. ಊರಿನ ಅಂಚಿಗೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನು, ಅದರ ಅಂಗಳದಲ್ಲೇ ಲಾಯ, ಆನಗೋಡಿನಲ್ಲಿ ಹೊಲ. ಮನೆಯಲ್ಲಿ ಕಾರಿತ್ತು, ಆದರೆ ಹೊಲಕ್ಕೆ ಕುದುರೆಯ ಮೇಲೇ ಹೋಗುವುದು ಅವರ ತಂದೆಯ ಕಾಲದಿಂದ ಬಂದ ರೂಢಿ. ಕಾರಿನಲ್ಲಿ ಹೋದರೆ ಬೆಳೆ ಕಾಣುವುದಿಲ್ಲ, ಧೂಳಷ್ಟೇ ಕಾಣುತ್ತದೆ ಎನ್ನುತ್ತಿದ್ದರು. ಮನಸ್ಸು ಒಳ್ಳೆಯದು, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಒಮ್ಮೆ ಮಾತು ಕೊಟ್ಟರೆ ಹಿಂದೆ ತೆಗೆದುಕೊಂಡವರಲ್ಲ ಎಂದು ಹತ್ತಿ ಪೇಟೆಯಲ್ಲಿ ಅವರಿಗೆ ಹೆಸರಿತ್ತು.

ಲಾಯದ ಯಜಮಾನಿಕೆ ದಫೇದಾರ್ ನರಸಿಂಗರಾಯರದು. ಮೈಸೂರಿನ ಕಡೆ ಕುದುರೆ ದಳದಲ್ಲಿ ಬಹುಕಾಲ ಇದ್ದು, ಅಲ್ಲಿಂದ ಬಿಡುಗಡೆಯಾದ ಮೇಲೆ ದಾವಣಗೆರೆಗೆ ಬಂದವರು. ಇಸ್ತ್ರಿ ಮಾಡಿದ ಖಾಕಿ ಇಲ್ಲದೆ ಅವರನ್ನು ಯಾರೂ ಕಂಡಿರಲಿಲ್ಲ. ಜ್ವರ ಬಂದಾಗಲೂ ಖಾಕಿಯಲ್ಲೇ ಮಲಗಿದ್ದರು. ನಮ್ಮ ಕಡೆಯ ಮಾತು ಕೇಳಿದರೆ ಮುಖ ಸಿಂಡರಿಸುತ್ತಿದ್ದರು. ನಮ್ಮ ಕಡೆಯ ಮಿರ್ಚಿ ಮಂಡಕ್ಕಿಗೆ ಮಾತ್ರ ಸಂಜೆಯಾಗುವುದನ್ನೇ ಕಾಯುತ್ತಿದ್ದರು. ಅವರ ಬೈಗುಳ ತಿಂದು ಬೆಳೆದವನು ನಾನು, ಆ ಬೈಗುಳ ಈಗ ಕೇಳಲು ಸಿಗುವುದಿಲ್ಲವಲ್ಲ ಎಂದು ಬೇಸರವಾಗುತ್ತದೆ.

ನಾನು ಮೊದಲ ಸಲ ಲಗಾಮು ಹಿಡಿದದ್ದನ್ನು ಅವರು ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಆಮೇಲೆ, “ಏನಯ್ಯಾ, ಬಾವಿಯಿಂದ ನೀರು ಸೇದ್ತಿದೀಯಾ?” ಎಂದರು. ನನ್ನನ್ನು ಇಳಿಸಿ, ಕುದುರೆಯ ತಲೆಯಿಂದ ಕಡಿವಾಣ ಲಗಾಮು ಎರಡನ್ನೂ ಬಿಚ್ಚಿದರು. ಕಡಿವಾಣವನ್ನು ತಮ್ಮ ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದು ನನಗೆ ಬೆನ್ನು ಮಾಡಿ ನಿಂತರು. ಪಟ್ಟಿಗಳು ಅವರ ಎರಡೂ ಪಕ್ಕದಿಂದ ನನ್ನ ಕೈಗೆ ಬಂದವು.

“ಈಗ ನಾನೇ ಕುದುರೆ. ಕಣ್ಣು ಮುಚ್ಚಿದೀನಿ. ನಡೆಸು,” ಎಂದರು.

ನಾನು ಎಳೆದೆ. ಅವರು ಎತ್ತಿನ ಹಾಗೆ ಮುಂದಕ್ಕೆ ಜಗ್ಗಿದರು. ಇನ್ನಷ್ಟು ಎಳೆದೆ, ಇನ್ನಷ್ಟು ಜಗ್ಗಿದರು. ಹಿರಿಯರು, ಪಾಪ ಎಂದು ಪಟ್ಟಿಯನ್ನು ಸಡಿಲ ಬಿಟ್ಟೆ. ಅವರು ನೆಟ್ಟಗೆ ಹೋಗಿ ಹತ್ತಿ ತುಂಬಿದ ದೊಡ್ಡ ಅಂಡಿಗೆ ಚೀಲಕ್ಕೆ ಹಣೆ ಬಡಿದುಕೊಂಡು ನಿಂತರು. ಜಿನ್ನಿನ ಹೆಣ್ಣುಮಕ್ಕಳು ಕೆಲಸ ನಿಲ್ಲಿಸಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ದಫೇದಾರರಿಗೆ ಅದರ ಪರಿವೆಯೇ ಇಲ್ಲ.

“ಬಿಟ್ಟೇಬಿಟ್ಟೆಯಲ್ಲಯ್ಯಾ. ನೀನು ಎಲ್ಲಿದೀಯಾ ಅನ್ನೋದೇ ನನಗೆ ಗೊತ್ತಾಗಲಿಲ್ಲ. ಪಟ್ಟಿ ನೆಟ್ಟಗಿರಬೇಕು, ಅದರಲ್ಲಿ ಭಾರ ಇರಬಾರದು. ಕುದುರೆ ತಲೆ ಮುಂದೆ ಹೋದರೆ ನಿನ್ನ ಕೈ ಜೊತೇಲಿ ಹೋಗಬೇಕು, ಹಿಂದೆ ಬಂದರೆ ಜೊತೇಲಿ ಬರಬೇಕು. ನಿಲ್ಲಿಸಬೇಕು ಅಂದಾಗ ಬೆರಳು ಮುಚ್ಚು, ನಿಂತ ಕೂಡಲೇ ತೆರೆ. ಎಳೆಯೋ ಕೆಲಸ ಅಂತ ಒಂದು ಇಲ್ಲವೇ ಇಲ್ಲ.”

ಹೇಳಿದ್ದು ತಲೆಗೆ ಹೋಯಿತು, ಕೈಗೆ ಹೋಗಲಿಲ್ಲ. ಅದಕ್ಕೆ ಅವರು ಮಿಲ್ಲಿನಿಂದ ನೂಲು ತರಿಸಿ, ಲಗಾಮನ್ನು ಕಡಿವಾಣದ ಬಳೆಗೆ ಆ ನೂಲಿನಿಂದಲೇ ಕಟ್ಟಿದರು. ಜಗ್ಗಿದರೆ ನೂಲು ಹರಿಯುತ್ತದೆ, ಹರಿದರೆ ಲಗಾಮೇ ಇಲ್ಲ. ಮೊದಲನೆಯ ದಿನವೇ ನೂಲು ಹರಿದು ಕುದುರೆ ನನ್ನನ್ನು ಪಾಪಸುಕಳ್ಳಿಯ ಬೇಲಿಯವರೆಗೂ ಕರೆದುಕೊಂಡು ಹೋಗಿ ಅಲ್ಲಿಯೇ ಇಳಿಸಿತು. ನಮ್ಮ ತಾಯಿ ಅಂದು ಸಂಜೆಯವರೆಗೂ ಚಿಮಟ ಹಿಡಿದು ಮುಳ್ಳು ತೆಗೆದರು, ತೆಗೆಯುತ್ತಾ ದಫೇದಾರರ ವಂಶವನ್ನೆಲ್ಲ ಉರ್ದುವಿನಲ್ಲಿ ನೆನೆದರು. ಮಳೆಗಾಲ ಮುಗಿಯುವ ಹೊತ್ತಿಗೆ ನೂಲು ಹರಿಯುವುದು ನಿಂತಿತ್ತು. ಕುದುರೆ ಬಾಯೊಳಗೆ ನಾಲಗೆ ಆಡಿಸುವುದು, ಕಡಿವಾಣವನ್ನು ಮೆಲ್ಲಗೆ ಜಗಿಯುವುದು ನನ್ನ ಉಂಗುರದ ಬೆರಳಿಗೆ ಗೊತ್ತಾಗತೊಡಗಿತು. ಆ ದಿನ ಆದ ಸಂತೋಷ ನನಗೆ ಆಮೇಲೆ ಸಂಬಳ ಹೆಚ್ಚಾದಾಗಲೂ ಆಗಲಿಲ್ಲ.

ಕಲಿತೆ ಎಂದು ಬೀಗುವ ಹೊತ್ತಿಗೇ ಒಂದು ಎಡವಟ್ಟಾಯಿತು. ನಮ್ಮ ದೊಡ್ಡಪ್ಪನ ಮಗನ ಮದುವೆ. ಸಾಹುಕಾರರನ್ನು ಕೇಳಿ ಲಾಯದ ಒಂದು ಒಳ್ಳೆಯ ಕುದುರೆಯನ್ನು ಮದುಮಗನಿಗೆ ತಂದೆ. ನಮ್ಮಲ್ಲಿ ಮದುಮಗನ ಮುಖದ ಮೇಲೆ ಹೂವಿನ ಸೆಹ್ರಾ ಇಳಿಬಿಟ್ಟಿರುತ್ತಾರೆ, ಅವನಿಗೆ ಎದುರಿಗೆ ಏನೂ ಕಾಣುವುದಿಲ್ಲ. ಕುದುರೆಯನ್ನು ನಾನು ಮುಂದೆ ಹಗ್ಗ ಹಿಡಿದು ನಡೆಸುತ್ತಿದ್ದೆ, ಹಾಗಾಗಿ ಲಗಾಮನ್ನು ಬಿಚ್ಚಿಡಬೇಕಾಗಿತ್ತು. ಜರಿ ಕುಚ್ಚು ಕಟ್ಟಿ ಚಂದ ಕಾಣುತ್ತದೆ ಎಂದು ಹಾಗೆಯೇ ಬಿಟ್ಟಿದ್ದೆ. ಬ್ಯಾಂಡು ಶುರುವಾದ ಕೂಡಲೇ ಅಣ್ಣ ಹೆದರಿ ಕೈಗೆ ಸಿಕ್ಕ ಲಗಾಮನ್ನು ಎದೆಗೆ ಎಳೆದುಕೊಂಡ. ದಫೇದಾರರು ತಿದ್ದಿದ ಕುದುರೆ, ಹಿಂದಕ್ಕೆ ಹೋಗು ಎಂದರು ಅಂತ ಹಿಂದಕ್ಕೆ ಹೊರಟಿತು. ಹಿಂದೆ ಹೋಗುತ್ತಿದೆ ಎಂದು ಅಣ್ಣ ಇನ್ನೂ ಎಳೆದ. ಎಳೆದಷ್ಟೂ ಅದು ವಿಧೇಯವಾಗಿ ಹಿಂದೆ ಹಿಂದೆ ನಡೆದು ಮಂಡಕ್ಕಿ ಅಂಗಡಿಯೊಳಗೆ ಹಿಂಭಾಗ ಇಟ್ಟು ನಿಂತಿತು. ರಾಶಿ ಕುಸಿಯಿತು, ಮದುಮಗನ ಸೆಹ್ರಾದ ಮಲ್ಲಿಗೆಯಲ್ಲೆಲ್ಲ ಮಂಡಕ್ಕಿ. ನಿಕಾಹ್ ಮುಗಿದ ಮೇಲೂ ಅವನ ಶೇರ್ವಾನಿಯಿಂದ ಮಂಡಕ್ಕಿ ಉದುರುತ್ತಿತ್ತು. ಒಳ್ಳೆಯ ಬಾಯಿಯ ಕುದುರೆ ತಪ್ಪು ಕೈ ಹೇಳಿದ್ದನ್ನೂ ನಂಬುತ್ತದೆ ಎಂಬುದು ಅಂದು ನನಗೆ ಗೊತ್ತಾಯಿತು.

ಇನ್ನು ಕಸ್ತೂರಿಯ ವಿಷಯ. ಬೇರೆ ಕುದುರೆಗಳೂ ಇದ್ದವು, ಆದರೆ ಯಾರಾದರೂ ಲಾಯದ ಕಥೆ ಹೇಳು ಎಂದರೆ ನನ್ನ ಬಾಯಿಗೆ ಬರುವುದು ಅವಳೇ. ಸಾಹುಕಾರರು ಅವಳನ್ನು ಹೊರಗಿನಿಂದ ಕೊಂಡು ರೈಲಿನಲ್ಲಿ ತರಿಸಿದ್ದರು. ಕಪ್ಪು ಬಣ್ಣದ ಹೆಣ್ಣು ಕುದುರೆ, ಹಣೆಯಲ್ಲಿ ವಿಭೂತಿ ಇಟ್ಟ ಹಾಗೆ ಬಿಳಿ ಗೆರೆ. ನಾನು ಹುರುಳಿಯ ಬುಟ್ಟಿ ಹಿಡಿದು ಬಂದರೆ ಬುಟ್ಟಿ ಬಿಟ್ಟು ನನ್ನ ಜೇಬಿಗೇ ಮೂತಿ ಹಾಕುವಳು. ಅಲ್ಲಿ ಬೆಲ್ಲ ಇರುತ್ತದೆಂದು ಗೊತ್ತಿತ್ತು. ನನಗೆ ಅವಳ ಮೇಲೆ ಎಷ್ಟು ಪ್ರೀತಿ ಎಂದರೆ, ಹುಡುಗಿ ನೋಡಲು ಹರಿಹರಕ್ಕೆ ಹೋದಾಗ ನನ್ನ ಜುಬ್ಬಾದ ಜೇಬು ಹರಿದದ್ದು ಯಾಕೆ ಎಂದು ಹುಡುಗಿಯ ಅಜ್ಜಿ ಕೇಳಿ, ನಾನು ಕಸ್ತೂರಿ ಎಂದು ಹೇಳಿ, ಆ ಸಂಬಂಧ ಕೂಡಿಬರಲಿಲ್ಲ.

ಅವಳಿಗೆ ಒಂದೇ ಚಟ. ಕತ್ತನ್ನು ಸದಾ ಸ್ವಲ್ಪ ಬಲಕ್ಕೆ ತಿರುಗಿಸಿಕೊಂಡು ನಡೆಯುವಳು. ಹಾಗಾಗಿ ಬಲಗೈಯ ಪಟ್ಟಿ ಖಾಲಿ, ಎಡಗೈಯ ಪಟ್ಟಿ ಭಾರ. ಹಿಂದಿನ ಯಜಮಾನ ಯಾರೋ ಒಂದೇ ಕಡೆ ಜಗ್ಗಿ ಬಾಯಿ ಕೆಡಿಸಿದ್ದಾನೆ ಎಂದು ದಫೇದಾರರು ತೀರ್ಮಾನಿಸಿದರು. ನಾನೂ ಹೌದೆಂದೆ. ದಿನವೂ ಎಡಕ್ಕೆ ತಿರುಗಿಸಿ ತಿರುಗಿಸಿ ತಿದ್ದುತ್ತಿದ್ದೆವು, ಮರುದಿನ ಅವಳ ಕತ್ತು ಮತ್ತೆ ಬಲಕ್ಕೇ.

ಒಂದು ದಿನ ಸಾಹುಕಾರರು ಆನಗೋಡಿನಿಂದ ಅವಳ ಮೇಲೆ ವಾಪಸು ಬರುತ್ತಿದ್ದಾಗ ಹಿಂದಿನಿಂದ ಬಂದ ಲಾರಿಯೊಂದು ಬಲಗಡೆಯಿಂದ ತೀರಾ ಹತ್ತಿರ ಹಾಯ್ದು ಮುಂದೆ ಹೋಯಿತು. ಕಸ್ತೂರಿ ಒಮ್ಮೆಲೇ ಓಟ ಕಿತ್ತಳು. ಸಾಹುಕಾರರು ಮೈಭಾರವನ್ನೆಲ್ಲ ಹಾಕಿ ಲಗಾಮು ಎಳೆದರು. ಎಳೆದಷ್ಟೂ ಅವಳು ಕಡಿವಾಣದ ಮೇಲೆ ಒರಗಿ ಓಡಿದಳು. ಕೊನೆಗೆ ಅವರು ಬಿದ್ದು ಹೆಗಲ ಮೂಳೆ ಮುರಿಯಿತು. ಅವಳು ಸವಾರನಿಲ್ಲದೆ, ಬಾಯಲ್ಲಿ ರಕ್ತ ನೊರೆ ತುಂಬಿಕೊಂಡು ಲಾಯಕ್ಕೆ ಬಂದು ನಿಂತಳು. ಅವಳ ಮೈ ನಡುಗುತ್ತಿತ್ತು, ನಾನು ಜೇಬು ಒಡ್ಡಿದರೂ ಮೂತಿ ಹಾಕಲಿಲ್ಲ.

ಸಾಹುಕಾರರ ಹೆಂಡತಿ ಗೌರಮ್ಮನವರು ಅವಳಿಗೆ ಗಾಳಿ ಸೋಕಿದೆ ಎಂದರು. ಉಕ್ಕಡಗಾತ್ರಿಯ ಕರಿಬಸವೇಶ್ವರ ಅವರ ಮನೆದೇವರು. ಮನುಷ್ಯರಿಗೆ ಸೋಕಿದ್ದನ್ನೆಲ್ಲ ಬಿಡಿಸುವ ಅಜ್ಜಯ್ಯ ಕುದುರೆಗೆ ಬಿಡಿಸನೇ ಎಂದು ತಾವೇ ಹೋಗಿ ಭಸ್ಮ ತಂದು, ಲಾಯಕ್ಕೆ ಬಂದು, ಹೆದರುತ್ತಲೇ ಅವಳ ಹಣೆಗೆ ಹಚ್ಚಿದರು. “ಪಾಪ ಐತೆ ಇದು, ಬೈಬ್ಯಾಡ್ರಿ,” ಎಂದು ನನಗೆ ಹೇಳಿ ಹೋದರು. ಆ ಮನೆಯಲ್ಲಿ ಅವಳ ಪರವಾಗಿ ಮಾತಾಡಿದವರು ಅವರೊಬ್ಬರೇ.

ಸಾಹುಕಾರರು ಮಾತ್ರ ಕುದುರೆ ಮಾರುವುದಿದೆ ಎಂದು ಹಾಸಿಗೆಯಿಂದಲೇ ಹರಿಹರಕ್ಕೆ ಹೇಳಿಕಳಿಸಿದರು. ಹರಿಹರ ಸ್ಟೇಷನ್ನಿನಲ್ಲಿ ಜಟಕಾ ಇಟ್ಟುಕೊಂಡಿದ್ದ ಹುಸೇನ್ ಚಾಚಾ ಬಂದು ನೋಡಿದರು, ಒಪ್ಪಿದರು. ದೀಪಾವಳಿ ಕಳೆದ ಮೇಲೆ ಕುದುರೆ ಕೊಡುವುದಾಗಿ ಸಾಹುಕಾರರು ಮಾತು ಕೊಟ್ಟರು. ಹುಸೇನ್ ಚಾಚಾ ಕೆಟ್ಟವರಲ್ಲ, ಅವರ ಜಟಕಾದ ಸಾಮಾನನ್ನು ನಮ್ಮ ತಂದೆಯೇ ಹೊಲಿದದ್ದು. ಅದಕ್ಕೇ ನನಗೆ ಅವರ ಕುದುರೆಗಳ ಬಾಯಿ ಚೆನ್ನಾಗಿ ಗೊತ್ತಿತ್ತು. ಕಸ್ತೂರಿಯ ಬಾಯಿ ಹಾಗಾಗುವುದನ್ನು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ.

ದಫೇದಾರರು ಟೋಪಿ ಸರಿಮಾಡಿಕೊಂಡು ಸಾಹುಕಾರರ ಹತ್ತಿರ ಹೋದರು. ನಾನು ಬಾಗಿಲಲ್ಲಿ ನಿಂತಿದ್ದೆ.

“ಮಾರೋದಾದ್ರೆ ಮಾರಿ ಸ್ವಾಮಿ, ನಿಮ್ಮ ಕುದುರೆ. ಹೆದರಿ ಮಾರಬೇಡಿ. ಹೆಗಲು ವಾಸಿಯಾದ ಮೇಲೆ ಅಂಗಳದಲ್ಲಿ ಸ್ವಲ್ಪ ದಿನ ಕೂತ್ಕೊಳ್ಳಿ, ಆಮೇಲೆ ಕೊಡಿ,” ಎಂದರು.

“ಹೆದರಿಕೆ? ನನಗಾ?” ಎಂದು ಸಾಹುಕಾರರು ಎದ್ದು ಕೂರಲು ಹೋಗಿ ಹೆಗಲು ಹಿಡಿದುಕೊಂಡರು. “ಅದಕ್ಕೆ ಇನ್ನೊಂದು ಬಲವಾದ ಕಡಿವಾಣ ಹಾಕ್ರಿ. ಮುಳ್ಳಿಂದು ಬರ್ತೈತಲ್ಲ, ಅದು.”

“ನಾನಿರೋವರೆಗೂ ಆ ಕಬ್ಬಿಣ ಈ ಲಾಯಕ್ಕೆ ಬರಲ್ಲ,” ಎಂದರು ದಫೇದಾರರು. ಕೆಲಸ ಹೋಗುತ್ತದೆ ಎಂದುಕೊಂಡೆ. ಸಾಹುಕಾರರು ಗೋಡೆಯ ಕಡೆ ಮುಖ ತಿರುಗಿಸಿ, ಆಯಿತು, ಅಂಗಳದಲ್ಲಿ ಕೂರುತ್ತೇನೆ ಎಂದರು. ಕಲಿಸುವ ಕೆಲಸ ನನ್ನ ತಲೆಗೆ ಬಂತು.

ಯಜಮಾನರಿಗೆ ಕಲಿಸುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಬಾವಿಯಿಂದ ನೀರು ಸೇದುತ್ತೀರಾ ಎಂದು ಅವರಿಗೆ ಹೇಳುವುದು ಹೇಗೆ? ಹೆಗಲು ವಾಸಿಯಾಗಿ ಅಂಗಳಕ್ಕೆ ಬಂದರು, ಆದರೆ ಹತ್ತಿದ ಕೂಡಲೇ ಅವರ ಮುಷ್ಟಿ ಬಿಗಿಯುತ್ತಿತ್ತು. ಕಸ್ತೂರಿಯ ಕಿವಿ ಹಿಂದಕ್ಕೆ ಹೋಗುತ್ತಿತ್ತು, ಅವರು ಇನ್ನೂ ಬಿಗಿಯುತ್ತಿದ್ದರು. “ಕೈ ಸ್ವಲ್ಪ ಸಡಿಲ ಮಾಡ್ರಿ ಸಾವ್ಕಾರ್ರೆ,” ಎಂದರೆ ಪೂರ್ತಿ ಬಿಟ್ಟುಬಿಡುತ್ತಿದ್ದರು. ಆಗ ಅವಳು ದಿಕ್ಕು ತೋಚದವಳಂತೆ ನಿಂತೇಬಿಡುತ್ತಿದ್ದಳು. ಇಬ್ಬರಿಗೂ ಬೆವರು. ದೀಪಾವಳಿ ಹತ್ತಿರ ಬರುತ್ತಿತ್ತು.

ಒಂದು ಬೆಳಿಗ್ಗೆ ಅವರನ್ನು ಕರೆಯಲು ಅಂಗಡಿಗೆ ಹೋದೆ. ಯಾರೋ ರೈತರು ತಂದ ಹತ್ತಿ ನೋಡುತ್ತಿದ್ದರು. ಹತ್ತಿ ವ್ಯಾಪಾರಿಗಳು ಎಳೆ ನೋಡುವುದನ್ನು ನೀವು ಕಂಡಿರಬಹುದು. ಒಂದು ಚಿಟಿಕೆ ಹತ್ತಿಯನ್ನು ಎರಡು ಹೆಬ್ಬೆರಳು, ಎರಡು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ, ಬಹಳ ಮೆಲ್ಲಗೆ ಬೇರೆ ಮಾಡುತ್ತಾರೆ. ಜೋರು ಮಾಡಿದರೆ ಎಳೆ ತುಂಡಾಗುತ್ತದೆ, ಉದ್ದ ತಿಳಿಯುವುದಿಲ್ಲ. ಸಡಿಲ ಹಿಡಿದರೆ ಜಾರಿಹೋಗುತ್ತದೆ. ಸಾಹುಕಾರರ ಕಣ್ಣು ರೈತನ ಮೇಲಿತ್ತು, ಬಾಯಿ ಮಾತಾಡುತ್ತಿತ್ತು, ಬೆರಳು ಮಾತ್ರ ತನ್ನ ಪಾಡಿಗೆ ಎಳೆಯ ಜೊತೆ ಇತ್ತು. ನನಗೆ ತಡೆಯಲಾಗಲಿಲ್ಲ.

“ಸಾವ್ಕಾರ್ರೆ, ಈ ಕೈ ಕುದ್ರೆ ಮ್ಯಾಲೆ ಯಾಕ ಬರಲ್ರೀ?” ಎಂದುಬಿಟ್ಟೆ.

ರೈತ ನನ್ನನ್ನು ನೋಡಿದ. ಸಾಹುಕಾರರು ತಮ್ಮ ಬೆರಳು ನೋಡಿಕೊಂಡರು. ಸಿಟ್ಟು ಬಂತೇನೋ ಎಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವರು ಎಳೆಯನ್ನು ಇನ್ನೊಂದು ಸಲ ಬಿಡಿಸಿ ನೋಡಿ, “ಇದು ನನಗೆ ಹೆದರಲ್ಲ, ನಾನು ಇದಕ್ಕೆ ಹೆದರಲ್ಲ, ಅದಕ್ಕೆ,” ಎಂದರು. ಕುದುರೆಗೆ ಹೆದರುತ್ತೇನೆ ಎಂದು ಅವರು ಒಪ್ಪಿಕೊಂಡದ್ದು ಅದೇ ಮೊದಲು.

ಅಂದು ಅವರು ಲಗಾಮನ್ನು ಮುಷ್ಟಿಯಲ್ಲಿ ಹಿಡಿಯಲಿಲ್ಲ, ಬೆರಳಲ್ಲಿ ಹಿಡಿದರು. ಅಂಗಳದಲ್ಲಿ ಒಂದು ಸುತ್ತು ಬರುವಷ್ಟರಲ್ಲಿ ಕಸ್ತೂರಿ ಕತ್ತು ಇಳಿಸಿ, ಕಡಿವಾಣ ಜಗಿಯುತ್ತಾ, ಉದ್ದುದ್ದ ಹೆಜ್ಜೆ ಹಾಕತೊಡಗಿದಳು. ಸಾಹುಕಾರರ ಮುಖ ನೋಡಿದೆ. ಪೇಟೆಯನ್ನೇ ನಡುಗಿಸುವ ಮನುಷ್ಯ, ಮಗು ಮೊದಲ ಸಲ ಬೆರಳು ಹಿಡಿದಾಗ ತಂದೆಗೆ ಆಗುತ್ತದಲ್ಲ, ಹಾಗೆ ಕೂತಿದ್ದರು. “ಮಾಬು, ಇದು ಏನೋ ಹೇಳಾಕತ್ತೈತಲ್ಲೋ ಕೈಗೆ,” ಎಂದರು. “ಹೇಳ್ತೈತೆ ಸಾವ್ಕಾರ್ರೆ, ಕೇಳ್ತಾ ಇರ್ರಿ,” ಎಂದೆ.

ಆಮೇಲೆ ಅವರು ದಿನವೂ ನಾನು ಕರೆಯುವ ಮೊದಲೇ ಬಂದು ನಿಲ್ಲುತ್ತಿದ್ದರು. ನಾನು ಒಳಗೊಳಗೇ ಹಿಗ್ಗಿದೆ, ಇನ್ನು ಮಾರುವ ಮಾತಿಲ್ಲ ಎಂದುಕೊಂಡೆ. ದೀಪಾವಳಿ ಮುಗಿಯಿತು. ಸಾಹುಕಾರರು ಲಾಯಕ್ಕೆ ಬಂದು, “ನಾಳೆ ಹರಿಹರಕ್ಕೆ ಹೋಗಾಣ. ಹುಸೇನನಿಗೆ ಮಾತು ಕೊಟ್ಟೀನಿ,” ಎಂದರು. ನಾನು ಅವರ ಮುಖವನ್ನೇ ನೋಡಿದೆ. “ಹಿಂಗ್ ನೋಡಬ್ಯಾಡ. ಕೊಟ್ಟ ಮಾತು ಇವತ್ತು ಕುದ್ರೆಗೆ ತಪ್ಪಿದರೆ ನಾಳೆ ಹತ್ತಿಗೆ ತಪ್ತೀನಿ ಅಂತಾರೆ ಪೇಟೆಯಾಗೆ,” ಎಂದು ಬೇರೆ ಕಡೆ ನೋಡಿದರು.

ಬೆಳಿಗ್ಗೆ ಅವರೇ ಅವಳನ್ನು ಹತ್ತಿದರು. ನಾನು ಸೈಕಲ್ಲಿನಲ್ಲಿ ಎಡಕ್ಕೆ. ದಫೇದಾರರು ಹೊರಗೆ ಬಂದು ಕಸ್ತೂರಿಗೆ ಸೆಲ್ಯೂಟ್ ಹೊಡೆದರು, ಸಾಹುಕಾರರನ್ನು ನೋಡದೆ ಒಳಗೆ ಹೋದರು. ಈಗ ಕಾರ್ಖಾನೆಗಳು ತುಂಬಿರುವ ಕರೂರಿನ ಕಡೆ ಆಗ ಬರೀ ಜೋಳದ ಹೊಲ. ಕಸ್ತೂರಿ ಸಣ್ಣ ಓಟದಲ್ಲಿ ಹಗುರವಾಗಿ ಹೋಗುತ್ತಿದ್ದಳು, ಲಗಾಮು ಅವಳ ಬಾಯಿಂದ ಅವರ ಕೈಗೆ ಒಂದೇ ನೇರ ಗೆರೆ. ನಾನು ಕಲಿಸಿದ್ದು ಇಷ್ಟು ಚಂದವಾಗಿ ಕೈಗೂಡಿದ್ದನ್ನು ಅವಳನ್ನು ಕಳೆದುಕೊಳ್ಳುವ ದಿನವೇ ನೋಡಬೇಕಾಯಿತಲ್ಲ ಎಂದುಕೊಂಡು ಪೆಡಲು ತುಳಿದೆ.

ಎದುರಿನಿಂದ ಬಸ್ಸು ಬಂತು. ಬಲಗಡೆಯಿಂದ ಹಾಯ್ದಾಗ ಅವಳು ಬೆಚ್ಚಿ ಎಡಕ್ಕೆ ಹಾರಿದಳು. ಸಾಹುಕಾರರ ಬೆರಳು ಮುಚ್ಚಿತು, ತೆರೆಯಿತು. ಅವಳು ಓಡಲಿಲ್ಲ. ಮುಂದೆ ಎಡಗಡೆಯ ಹೊಲದಿಂದ ಎತ್ತಿನ ಗಾಡಿಯೊಂದು ಗಡಗಡ ಸದ್ದು ಮಾಡುತ್ತಾ ರಸ್ತೆಗೆ ಹತ್ತಿತು. ಅವಳು ಕಿವಿ ನಿಮಿರಿಸಿದಳಷ್ಟೆ. ಮತ್ತೊಂದು ಲಾರಿ ಬಲಕ್ಕೆ ಹಾಯಿತು, ಮತ್ತೆ ಬೆಚ್ಚಿದಳು. ಸಾಹುಕಾರರು ಹುಬ್ಬು ಗಂಟಿಕ್ಕಿಕೊಂಡು ಬರತೊಡಗಿದರು. ಹರಿಹರ ಹತ್ತಿರ ಬಂದಾಗ ಒಂದು ಬೇವಿನ ಮರದ ಕೆಳಗೆ ಅವಳನ್ನು ನಿಲ್ಲಿಸಿದರು.

“ಮಾಬು, ಎಡಕ್ಕೆ ಏನಾರ ಬಂದ್ರೆ ಇವಳು ಮೊದಲೇ ನನ್ನ ಬೆರಳಿಗೆ ಹೇಳ್ತಾಳೆ. ಬಲಕ್ಕೆ ಬಂದ್ರೆ ಬಂದು ಮೈಮ್ಯಾಲೆ ಬಿದ್ದ ಮ್ಯಾಲೆ ಹೇಳ್ತಾಳೆ. ಯಾಕ?”

“ಬಲಗಡೆ ಬಾಯಿ ಕೆಟ್ಟೈತೆ ಸಾವ್ಕಾರ್ರೆ, ಅದಕ್ಕೆ,” ಎಂದೆ.

“ಬಾಯಿ ಅಲ್ಲೋ. ಕಣ್ಣು ನೋಡು.”

ಅವಳ ಬಲಗಣ್ಣು ಕನ್ನಡಿಯಷ್ಟು ತಿಳಿಯಾಗಿತ್ತು. ದಿನವೂ ಒರೆಸುತ್ತಿದ್ದ ಕಣ್ಣು ಅದು. ಸದ್ದಾಗದ ಹಾಗೆ, ಗಾಳಿ ಬಡಿಯದ ಹಾಗೆ ಒಂದೇ ಒಂದು ಬೆರಳನ್ನು ಆ ಕಣ್ಣಿನ ಹತ್ತಿರಕ್ಕೆ ಒಯ್ದೆ. ರೆಪ್ಪೆ ಮಿಟುಕಲಿಲ್ಲ. ಇನ್ನೂ ಹತ್ತಿರ ಒಯ್ದೆ, ಬೆರಳು ರೆಪ್ಪೆಯ ಕೂದಲಿಗೆ ತಾಗಿದಾಗಲೇ ಅವಳು ತಲೆ ಕೊಡವಿದ್ದು. ಕತ್ತು ಬಲಕ್ಕೆ ತಿರುಗಿಸಿಕೊಂಡು ನಡೆಯುತ್ತಿದ್ದದ್ದು ಚಟವಲ್ಲ, ಇರುವ ಒಂದು ಕಣ್ಣನ್ನು ದಾರಿಯ ಕಡೆಗೆ ತಂದುಕೊಳ್ಳುತ್ತಿದ್ದಳು. ದಫೇದಾರರೂ ನಾನೂ ಸೇರಿ ದಿನವೂ ಅದನ್ನು ಅವಳಿಗೆ ತಪ್ಪಿಸುತ್ತಿದ್ದೆವು. ಅವಳು ಎಂದಿನಂತೆ ನನ್ನ ಜೇಬು ಹುಡುಕುತ್ತಿದ್ದಳು.

ಸಾಹುಕಾರರು ಅವಳನ್ನು ಮುಂದಕ್ಕೆ ನಡೆಸಿದರು. ಸ್ಟೇಷನ್ನಿನ ಮುಂದೆ ಹುಸೇನ್ ಚಾಚಾ ಕಾಯುತ್ತಿದ್ದರು. ಸಾಹುಕಾರರು ಇಳಿದು, ಲಗಾಮು ಕೈಯಲ್ಲೇ ಹಿಡಿದುಕೊಂಡು, ನಿರಾಳವಾದವರಂತೆ, “ಹುಸೇನ್, ಇದರ ಬಲಗಣ್ಣು ಹೋಗೈತೆ. ನಿನ್ನ ಕೆಲಸಕ್ಕೆ ಬರಲ್ಲ ಬಿಡು,” ಎಂದರು.

ಚಾಚಾ ನಕ್ಕರು. “ಅದಕ್ಕೇನ್ರಿ ಸಾವ್ಕಾರ್ರೆ, ಜಟಕಾ ಕುದ್ರೆಗೆ ಹೆಂಗೂ ಎರಡೂ ಕಣ್ಣಿನ ಪಕ್ಕಕ್ಕೆ ಮರೆಪಟ್ಟಿ ಕಟ್ತೀವಿ. ಕಾಲು ಗಟ್ಟಿ ಅದಾವು, ಸಾಕು. ನೀವು ಮುಂಚೇನೇ ಹೇಳಿದ್ರಿ, ದೊಡ್ಡ ಮಾತು,” ಎಂದು ಅವಳ ಬಲಗಡೆಯಿಂದ ಬಂದು ಕಡಿವಾಣದ ಬಳೆಗೆ ಕೈ ಹಾಕಿ, ಜಟಕಾದವರ ಅಭ್ಯಾಸದಂತೆ ಒಮ್ಮೆ ಜಗ್ಗಿದರು. ಕಾಣದ ಕಡೆಯಿಂದ ಬಂದ ಕೈ. ಕಸ್ತೂರಿ ತಲೆ ಮೇಲೆತ್ತಿ ಬಾಯಿ ತೆರೆದಳು. ಸಾಹುಕಾರರು ತಮ್ಮ ಕೈಯನ್ನೇ ಯಾರೋ ತಿರುಚಿದ ಹಾಗೆ ಮುಖ ಕಿವುಚಿದರು.

“ಕೈ ತೆಗಿ ಹುಸೇನ್.”

“ಯಾಕ್ರೀ?”

“ಕುದ್ರೆ ಕೊಡಲ್ಲ. ಶಿವಲಿಂಗಪ್ಪ ಮಾತಿಗೆ ತಪ್ಪಿದ ಅಂತ ನಾಳೆ ಪೇಟೆಯಾಗೆ ಹೇಳ್ಕಾ. ನಾನೇ ಹೇಳ್ತೀನಿ, ನೀನ್ಯಾಕ ತ್ರಾಸು ತಗಂತೀಯ.”

ಚಾಚಾ ನನ್ನ ಮುಖ ನೋಡಿದರು, ಸಾಹುಕಾರರ ಮುಖ ನೋಡಿದರು. ಬೆಳಿಗ್ಗೆಯಿಂದ ಬಾಡಿಗೆ ಬಿಟ್ಟು ಕಾದಿದ್ದರು, ಸಿಟ್ಟು ಬಂದಿತ್ತು. ಕೈ ತೆಗೆದು ತಮ್ಮ ಗಾಡಿಯ ಕಡೆ ನಡೆದರು. ನಾನೇ ಹೇಳ್ತೀನಿ ಎಂದ ಮಾತನ್ನು ಮಾತ್ರ ಸಾಹುಕಾರರು ಉಳಿಸಿಕೊಂಡರು. ಮುಂದಿನ ವಾರ ಹತ್ತಿ ಪೇಟೆಯಲ್ಲಿ ಎಲ್ಲರ ಮುಂದೆ ತಾವೇ ಆ ವಿಷಯ ಹೇಳಿದರು. ಕೆಲವರು ಬಹಳ ದಿನ ಅದನ್ನು ಎತ್ತಿ ಆಡಿಕೊಂಡರು, ಅವರು ಸಹಿಸಿದರು.

ವಾಪಸು ಬರುವಾಗ ನನಗೆ, “ನೀನು ಬಲಕ್ಕೆ ಬಾ,” ಎಂದರು. ನಾನು ಕಸ್ತೂರಿಗೂ ಲಾರಿಗಳಿಗೂ ನಡುವೆ, ರಸ್ತೆಯ ಮಧ್ಯದಲ್ಲಿ ಸೈಕಲ್ ತುಳಿದೆ. ಹೋಗುವ ಬರುವ ಡ್ರೈವರುಗಳೆಲ್ಲ ನನ್ನ ವಂಶವನ್ನು ಎತ್ತಿ ಬೈದರು. ನನಗೆ ಅಷ್ಟು ಸುಖವಾದ ದಾರಿ ಇನ್ನೊಂದಿಲ್ಲ. ಲಾಯದಲ್ಲಿ ವಿಷಯ ಕೇಳಿದ ದಫೇದಾರರು ಟೋಪಿ ತೆಗೆದು ಅವಳ ಮುಂದೆ ನಿಂತರು. ಆಮೇಲೆ ಬಂದ ದನದ ಡಾಕ್ಟರು, ಒಳಗಿನ ನರ ಸತ್ತಿದೆ, ಹೊರಗೆ ಕಣ್ಣು ಹೀಗೇ ತಿಳಿಯಾಗಿರುತ್ತದೆ ಎಂದರು. ಅಂದಿನಿಂದ ದಫೇದಾರರು ಬಲಗಡೆಯಿಂದ ಅವಳ ಹತ್ತಿರ ಹೋಗುವಾಗಲೆಲ್ಲ ಮೊದಲು, “ನಾನಮ್ಮಾ,” ಎಂದು ಹೇಳಿ ಕೈ ಇಡುತ್ತಿದ್ದರು.

ಸಾಹುಕಾರರು ಆಮೇಲೆ ಬಹಳ ವರ್ಷ ಅವಳ ಮೇಲೆಯೇ ಆನಗೋಡಿಗೆ ಹೋಗಿಬಂದರು. ಎಷ್ಟೋ ಸಲ ನಾನು ಪಕ್ಕದಲ್ಲೇ, ತುಸು ಹಿಂದೆ, ಇನ್ನೊಂದು ಕುದುರೆಯ ಮೇಲೆ ಇರುತ್ತಿದ್ದೆ. ಬಲಗಡೆಗೆ ಬಸ್ಸೋ ಲಾರಿಯೋ ಬರುವುದು ದೂರದಲ್ಲಿ ಕಂಡ ಕೂಡಲೇ ಅವರ ಬಲಗೈಯ ಬೆರಳು ಮೆಲ್ಲಗೆ ಮುಚ್ಚುತ್ತಿತ್ತು, ಮತ್ತೆ ತೆರೆಯುತ್ತಿತ್ತು. ಅವಳ ಬಲಗಿವಿ ಆ ಕಡೆಗೆ ಹೊರಳುತ್ತಿತ್ತು. ಲಾರಿ ಹಾಯ್ದು ಹೋಗುತ್ತಿತ್ತು, ಅವಳು ಹೆಜ್ಜೆ ತಪ್ಪದೆ ನಡೆಯುತ್ತಿದ್ದಳು.